ಗುಡ್ಡದಲ್ಲಿ ಹೊಗೆ ಕಂಡವರಿಗೆ ಒಂದು ಬಿನ್ನಹ

ನೆಟ್ಟಣ, ಬಿಳಿನೆಲೆ, ಕೊಂಬಾರು, ಸಿರಿಬಾಗಿಲು ಪರಿಸರದ ತೋಟದ ಮನೆಗಳ ಹಿರಿಯರಿಗೂ, ಮನೆವಾರ್ತೆಯ ಹೊಣೆ ಹೊತ್ತ ಅಮ್ಮಂದಿರಿಗೂ ಅಕ್ಕಂದಿರಿಗೂ, ರಬ್ಬರು ಟ್ಯಾಪಿಂಗಿಗೆಂದು ಅಡಿಕೆಯ ಕೆಲಸಕ್ಕೆಂದು ದಿನವೂ ಗುಡ್ಡದ ದಾರಿ ತುಳಿಯುವ ಬಂಧುಗಳಿಗೂ,

ಮಾನ್ಯರೇ,

ಚಂಪಾಷಷ್ಠಿಯ ಜಾತ್ರೆಗೆಂದು ನಮ್ಮ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿದ ಯಾತ್ರಿಕರೆಲ್ಲರೂ ತಂತಮ್ಮ ಊರುಗಳಿಗೆ ಹಿಂದಿರುಗಿ, ಹಳ್ಳಗಳಿಗೆ ಕಟ್ಟ ಕಟ್ಟುವ ಕೆಲಸವೂ ಒಂದು ಹದಕ್ಕೆ ಬಂದು, ಗುಡ್ಡದ ನೆತ್ತಿಯ ಮುಳಿಹುಲ್ಲು ಹಸುರಳಿದು ಹೊಂಬಣ್ಣಕ್ಕೆ ತಿರುಗುತ್ತಿರುವ ಈ ದಿನಗಳಲ್ಲಿ, ಇನ್ನು ಮಳೆ ಬರುವತನಕ ನಮ್ಮೆಲ್ಲರನ್ನೂ ಬಾಧಿಸಬಹುದಾದ ಒಂದು ವಿಷಯವನ್ನು ತಮ್ಮ ಮುಂದೆ ನಿವೇದಿಸಿಕೊಳ್ಳಬೇಕೆಂದು ಈ ಪತ್ರವನ್ನು ಬರೆಯುತ್ತಿದ್ದೇನೆ. ನಮ್ಮ ನೆರೆಹೊರೆಯಲ್ಲಿ ಬೇಸಗೆಯುದ್ದಕ್ಕೂ ಅಲ್ಲೊಂದು ಇಲ್ಲೊಂದು ಎಂಬಂತೆ ಕಾಣಿಸಿಕೊಳ್ಳುವ ಸಣ್ಣ ಬೆಂಕಿಗಳೇ ಆ ವಿಷಯ. ಪತ್ರಿಕೆಗಳ ಮೊದಲ ಪುಟಕ್ಕೆ ಬರುವ ಕಾಡ್ಗಿಚ್ಚುಗಳ ವಿಚಾರವನ್ನು ಬಲ್ಲವರು ಬರೆಯುತ್ತಾರೆ. ಯಾವ ವರದಿಗೂ ಸೇರದೆ, ಯಾವ ದಫ್ತರದ ಲೆಕ್ಕಕ್ಕೂ ಬಾರದೆ, ಕಂಡವರು ಒಂದು ಗಳಿಗೆ ನಿಂತು ನೋಡಿ ಮುಂದೆ ಸಾಗಿಬಿಡುವ ಬೆಂಕಿಗಳನ್ನು ಕುರಿತು ಬರೆಯಬೇಕಾದವರು ಅವುಗಳ ನಡುವೆ ಬಾಳುವ ನಾವೇ.

ರಸ್ತೆಯ ಬದಿಯಲ್ಲಿ ಗುಡಿಸಿ ರಾಶಿ ಹಾಕಿದ ತರಗೆಲೆಗೆ ಹಚ್ಚಿದ ಬೆಂಕಿ, ತೆಂಗಿನ ಮಡಲು ವಿದ್ಯುತ್ ತಂತಿಗೆ ತಾಗಿ ಕಿಡಿಯುದುರಿ ಕೆಳಗಿನ ಒಣಹುಲ್ಲಿಗೆ ಹತ್ತಿದ ಬೆಂಕಿ, ರೈಲಿನ ಕಿಟಕಿಯಿಂದಲೋ ಜೀಪಿನ ಹಿಂಬದಿಯಿಂದಲೋ ಎಸೆದ ಬೀಡಿಯ ತುಂಡಿನಿಂದ ಹುಟ್ಟಿದ ಬೆಂಕಿ, ಜೇನು ಕೀಳಹೋದವರು ಬಿಟ್ಟುಬಂದ ಸೂಡಿಯ ಬೆಂಕಿ, ಎತ್ತರಕ್ಕೆ ಬೈಹುಲ್ಲು ಹೇರಿಕೊಂಡ ಲಾರಿ ಜೋತುಬಿದ್ದ ತಂತಿಯಡಿ ಹಾದುಹೋಗುವಾಗ ಹತ್ತಿಕೊಂಡ ಬೆಂಕಿ, ರಬ್ಬರಿನ ಹೊಗೆಮನೆಯಲ್ಲಿ ಸರಿರಾತ್ರಿಯಲ್ಲಿ ಶೀಟೊಂದು ಕಳಚಿ ಒಲೆಯ ಮೇಲೆ ಬಿದ್ದು ಎದ್ದ ಬೆಂಕಿ, ಇವೆಲ್ಲವೂ ತಮಗೆ ಪರಿಚಿತವಾದುವೇ. ಹೊಗೆಮನೆಯ ಮತ್ತು ಬೈಹುಲ್ಲಿನ ಲಾರಿಯ ಬೆಂಕಿಗಳನ್ನು ಬಿಟ್ಟರೆ ಮಿಕ್ಕವೆಲ್ಲ ಹುಟ್ಟುವಾಗ ಎಷ್ಟು ಕಿರಿದಾಗಿರುತ್ತವೆಂದರೆ, ಒಂದು ಕೊಡ ನೀರೂ ಎರಡು ಹಸಿ ಸೊಪ್ಪಿನ ಗೆಲ್ಲೂ ಅವುಗಳನ್ನು ಮುಗಿಸಿಬಿಡಲು ಸಾಕು.

ಕಳೆದ ಬೇಸಗೆಯಲ್ಲಿ ನಾನು ಕಣ್ಣಾರೆ ಕಂಡುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಕೈಕಂಬದ ಕಡೆಯಿಂದ ಮನೆಗೆ ನಡೆದು ಬರುತ್ತಿದ್ದಾಗ, ಗೇರುಬೀಜದ ಗುಡ್ಡವೊಂದರ ಬುಡದಲ್ಲಿ, ರಸ್ತೆಯ ಅಂಚಿನಲ್ಲಿಯೇ, ಒಂದು ಹೆಡಿಗೆಯಗಲದ ಜಾಗದಲ್ಲಿ ತರಗೆಲೆ ಉರಿಯುತ್ತಿತ್ತು. ಜ್ವಾಲೆ ಮೊಣಕಾಲೆತ್ತರಕ್ಕೂ ಏರಿರಲಿಲ್ಲ. ನನ್ನ ಕಣ್ಣೆದುರಿಗೇ ಜೀಪೊಂದು ಅಲ್ಲಿ ವೇಗ ತಗ್ಗಿಸಿತು, ಒಳಗಿದ್ದವರು ಇಣಿಕಿ ನೋಡಿದರು, ಜೀಪು ಮುಂದೆ ಹೋಯಿತು. ಅದರ ಹಿಂದೆ ಬೈಕಿನಲ್ಲಿ ಬಂದ ತರುಣನೊಬ್ಬನು ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಅವನೂ ಹೊರಟುಹೋದನು. ಸೌದೆಗೆಂದು ಗುಡ್ಡಕ್ಕೆ ಬಂದಿದ್ದ ವೃದ್ಧೆಯೊಬ್ಬರು ಆ ಹೊತ್ತಿಗೆ ಕೆಳಗಿಳಿದು ಬರದೆ ಇದ್ದಿದ್ದರೆ ನಾನು ಒಬ್ಬಂಟಿಯಾಗಿಯೇ ಇರುತ್ತಿದ್ದೆ. ಅವರು ತಲೆಯ ಹೊರೆಯನ್ನು ಇಳಿಸಿ, ಒಂದು ಮಾತನ್ನೂ ಆಡದೆ ನೇರಳೆಯ ಗೆಲ್ಲು ಮುರಿದು ಕೈಗೆ ಕೊಟ್ಟು, ಸೊಪ್ಪನ್ನು ಬೀಸಿ ಬಡಿಯಬಾರದೆಂದೂ, ಬಡಿದರೆ ಕಿಡಿ ಹಾರಿ ಬೇರೆಡೆಗೆ ಹತ್ತುವುದೆಂದೂ, ಉರಿಯ ಅಂಚಿನ ಮೇಲೆ ಒತ್ತಿ ಹಿಡಿದು ಎಳೆಯಬೇಕೆಂದೂ ಮಾಡಿ ತೋರಿಸಿದರು. ಆ ಒಂದು ಪಾಠವನ್ನು ಯಾವ ತರಬೇತಿ ಶಿಬಿರವೂ ಅಷ್ಟು ಚೆನ್ನಾಗಿ ಕಲಿಸಲಾರದು.

ಆದರೆ ನಾವು ಕೆಲಸಕ್ಕೆ ತೊಡಗುವಷ್ಟರಲ್ಲಿ ಮಧ್ಯಾಹ್ನದ ಪಡುವಣ ಗಾಳಿ ಎದ್ದಿತು. ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ಎಷ್ಟು ತ್ವರಿತವಾಗಿ ಏರುತ್ತದೆಂಬುದನ್ನು ಗುಡ್ಡದ ಊರಿನವರಾದ ತಮಗೆ ನಾನು ಹೇಳಬೇಕಾದುದಿಲ್ಲ. ಕೆಳಗಿನ ಜ್ವಾಲೆಯ ಕಾವು ಮೇಲಿನ ಹುಲ್ಲನ್ನು ಮುಂಚಿತವಾಗಿಯೇ ಒಣಗಿಸಿ ಸಿದ್ಧಮಾಡಿಡುವುದರಿಂದ, ಸಮತಟ್ಟಿನಲ್ಲಿ ತೆವಳುವ ಬೆಂಕಿ ಏರಿನಲ್ಲಿ ಓಡುತ್ತದೆ. ಹೂವೂ ಎಳೆಗಾಯಿಯೂ ಒಟ್ಟಿಗೆ ತುಂಬಿಕೊಂಡಿದ್ದ ಗೇರುಮರಗಳ ಕೆಳಗಿನ ಹಾಸು ನೋಡನೋಡುತ್ತಿದ್ದಂತೆ ಹತ್ತಿಕೊಂಡಿತು. ಮೇಲಿನ ಮನೆಗಳಿಂದ ಯುವಕರು ಕತ್ತಿ ಹಿಡಿದು ಬಂದು, ಕಾಲುದಾರಿಯೊಂದರ ಉದ್ದಕ್ಕೂ ಹುಲ್ಲು ಸವರಿ ಬಯಲು ಮಾಡಿ, ಅಲ್ಲಿ ಅದನ್ನು ತಡೆದು ನಿಲ್ಲಿಸುವ ಹೊತ್ತಿಗೆ ಸಂಜೆಯಾಗಿತ್ತು. ಎಲ್ಲವೂ ಮುಗಿಯಿತೆಂದು ನಾವು ಮನೆಗೆ ಹೋದೆವು. ಮರುದಿನ ಬೆಳಿಗ್ಗೆ, ಒಳಗೊಳಗೇ ಕೆಂಡವಾಗಿ ಉಳಿದಿದ್ದ ಹಳೆಯ ಮರದ ಕುತ್ತಿಯೊಂದು ಗಾಳಿಗೆ ಉರಿದೆದ್ದು, ಕಾಲುದಾರಿಯ ಆಚೆಗಿನ ತೋಟದ ಅಂಚಿಗೆ ಬಿದ್ದ ಬೆಂಕಿ ಅಲ್ಲಿನ ಸ್ಪ್ರಿಂಕ್ಲರ್ ಪೈಪುಗಳನ್ನು ಕರಗಿಸಿಬಿಟ್ಟಿತು. ಆ ತೋಟದವರು ನೀರು ಬಿಡಬೇಕಾದ ಕಾಲದಲ್ಲಿ ಸಾಲ ಮಾಡಿ ಹೊಸ ಪೈಪು ತರಬೇಕಾಯಿತು.

ಆ ಬೆಂಕಿ ಹೆಡಿಗೆಯಗಲವಿದ್ದಾಗ ಅದನ್ನು ಕಂಡವರಲ್ಲಿ ಯಾರೂ ಕೆಟ್ಟವರಲ್ಲ. ಬೇರೆ ಯಾವುದಾದರೂ ಆಪತ್ತಿನಲ್ಲಿ, ಹಾವು ಕಚ್ಚಿದಾಗ, ಮರ ಬಿದ್ದಾಗ, ಹಳ್ಳದ ನೀರಿಗೆ ಸಿಕ್ಕಿದಾಗ, ಇದೇ ಜನ ತಮ್ಮ ಪ್ರಾಣವನ್ನು ಲೆಕ್ಕಿಸದೆ ಓಡಿಬಂದುದನ್ನು ನಾನು ಬಲ್ಲೆ. ಹಾಗಿದ್ದೂ ಬೆಂಕಿಯ ಮುಂದೆ ಅವರ ಕಾಲು ನಿಲ್ಲದೆ ಹೋದುದೇಕೆ ಎಂದು ನಾನು ಬಹುಕಾಲ ಚಿಂತಿಸಿದ್ದೇನೆ. ನನಗೆ ತೋರಿದ ಉತ್ತರವೆಂದರೆ ನಮ್ಮ ದಾಕ್ಷಿಣ್ಯ. ಜಾಗ ಅವರದು, ಬೆಂಕಿ ಹಾಕಿದವರೂ ಅವರೇ ಇರಬೇಕು, ಎಲ್ಲೋ ಹತ್ತಿರದಲ್ಲೇ ನಿಂತಿದ್ದಾರು, ನಾವು ಹೋಗಿ ನಂದಿಸಿದರೆ ಏನೆಂದುಕೊಂಡಾರು, ಇಲಾಖೆಗೆ ಫೋನು ಮಾಡಿದೆವೆಂದು ತಿಳಿದರೆ ನಾಳೆ ಮದುವೆಮನೆಯಲ್ಲಿ ಮುಖ ನೋಡುವುದು ಹೇಗೆ, ಎಂಬ ಇಷ್ಟೆಲ್ಲ ಆಲೋಚನೆಗಳೂ ಒಂದು ಕ್ಷಣದಲ್ಲಿ ಮನಸ್ಸಿನಲ್ಲಿ ಹಾದುಹೋಗುತ್ತವೆ. ಬಳಿಕ ಬಾಯಲ್ಲಿ ಬರುವ ಮಾತು, "ಅದು ಅಲ್ಲಿಗೇ ನಂದಿ ಹೋಗ್ತದೆ ಮಾರಾಯ್ರೆ" ಎಂದು. ನೆರೆಯವರೊಡನೆ ಬಾಂಧವ್ಯ ಕೆಡಬಾರದೆಂಬ ಈ ಸಂಕೋಚ ಬೆಲೆಯುಳ್ಳದ್ದು. ಗಡಿಯ ಜಗಳಗಳಿಂದ ನೊಂದ ಊರುಗಳನ್ನು ನೋಡಿದವರಿಗೆ ಅದರ ಬೆಲೆ ಇನ್ನಷ್ಟು ಚೆನ್ನಾಗಿ ತಿಳಿದೀತು. ಆದುದರಿಂದಲೇ ನನ್ನ ಮೊದಲ ಪ್ರಾರ್ಥನೆ ಇದು: ಬೆಂಕಿಯ ವಿಷಯದಲ್ಲಿ ಮಾತ್ರ ಈ ದಾಕ್ಷಿಣ್ಯವನ್ನು ಬದಿಗಿಡುವುದೆಂದು ನಾವೆಲ್ಲರೂ ಮುಂಚಿತವಾಗಿಯೇ, ಗುಡ್ಡ ಪೂರ್ತಿ ಒಣಗುವ ಮುನ್ನವೇ, ಪರಸ್ಪರ ಒಪ್ಪಿಕೊಳ್ಳೋಣ. ನನ್ನ ಜಾಗದಲ್ಲಿ ಹೊಗೆ ಕಂಡರೆ ನನ್ನನ್ನು ಕೇಳದೆ ಬೇಲಿ ದಾಟಿ ಬನ್ನಿ, ನಾನೇ ಹಚ್ಚಿದ ಬೆಂಕಿಯಾದರೂ ನಂದಿಸಿಬಿಡಿ, ನಾನು ಅದನ್ನು ಅವಮಾನವೆಂದು ಎಣಿಸುವುದಿಲ್ಲ, ಎಂದು ಪ್ರತಿ ಮನೆಯವರೂ ತಮ್ಮ ನೆರೆಯವರಿಗೆ ಬಾಯಿಬಿಟ್ಟು ಹೇಳಬೇಕು. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಲದು, ಹೇಳಿಯೇ ತೀರಬೇಕು.

ಬೆಂಕಿ ಹಿಂದೆಯೂ ಇತ್ತು, ನಮ್ಮ ಅಜ್ಜಂದಿರು ಗುಡ್ಡಕ್ಕೆ ಬೆಂಕಿ ಕೊಡುತ್ತಿರಲಿಲ್ಲವೇ, ಎಂದು ಕೆಲವರು ಕೇಳುವುದುಂಟು. ಈ ಪ್ರಶ್ನೆ ನ್ಯಾಯವಾದುದೇ. ಈ ಘಟ್ಟದ ಬುಡದಲ್ಲಿ ಕುಮರಿ ಬೇಸಾಯವು ತಲೆತಲಾಂತರದಿಂದ ನಡೆದುಬಂದಿತ್ತು. ಕಾಡು ಕಡಿದು, ಒಣಗಲು ಬಿಟ್ಟು, ಮಳೆಗೆ ಮುಂಚೆ ಸುಟ್ಟು, ಬೂದಿಯಲ್ಲಿ ಬೀಜ ಚೆಲ್ಲುವ ಆ ಪದ್ಧತಿಯನ್ನು ಮದರಾಸು ಆಧಿಪತ್ಯದ ಅರಣ್ಯಾಧಿಕಾರಿಯಾಗಿದ್ದ ಹ್ಯೂ ಕ್ಲೆಗಾರ್ನ್ 1861ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಚರ್ಚಿಸಿದ್ದಾನೆ, ಸರ್ಕಾರವು ಸುಮಾರು ಆ ಕಾಲಕ್ಕೇ ಅದನ್ನು ನಿರ್ಬಂಧಿಸತೊಡಗಿತ್ತು. ಸುಡುಮಣ್ಣು ಮಾಡುವುದಂತೂ ನಮ್ಮ ನೆನಪಿನೊಳಗಿನ ಸಂಗತಿ. ತರಗೆಲೆ, ಕಸ, ಕಡ್ಡಿಗಳ ಮೇಲೆ ಮಣ್ಣು ಹೊದೆಸಿ, ಜ್ವಾಲೆ ಏಳದಂತೆ ಒಳಗೊಳಗೇ ಬೇಯಿಸಿ, ತರಕಾರಿಗೂ ಮಲ್ಲಿಗೆಗೂ ಹಾಕುತ್ತಿದ್ದ ಆ ಗೊಬ್ಬರವನ್ನು ಇಂದಿಗೂ ಮಾಡುವವರಿದ್ದಾರೆ, ಅವರು ಅದನ್ನು ಬಿಡಬೇಕೆಂದು ನಾನು ಹೇಳುವವನಲ್ಲ. ಆದರೆ ಸುಡುಮಣ್ಣನ್ನು ಮಾಡಿದ ಹಿರಿಯರು ಬೆಂಕಿ ಕೊಡುತ್ತಿದ್ದುದು ಗಾಳಿಯಡಗಿದ ಮುಸ್ಸಂಜೆಯಲ್ಲಿ, ಸುತ್ತಲೂ ಕೆರೆದು ಶುಚಿಮಾಡಿದ ಜಾಗದಲ್ಲಿ, ಪಕ್ಕದಲ್ಲಿ ನೀರಿಟ್ಟುಕೊಂಡು. ಮತ್ತು ಹೊಗೆ ಆರುವತನಕ ಯಾರಾದರೊಬ್ಬರು ಅಲ್ಲಿಯೇ ಇರುತ್ತಿದ್ದರು. ನಡು ಹಗಲಿನಲ್ಲಿ ಬೆಂಕಿ ಕೊಟ್ಟು, ಊಟಕ್ಕೆಂದು ಮನೆಗೆ ಹೋಗಿ, ಉಂಡು ಮಲಗಿ ಎದ್ದು ಬಂದು ನೋಡುವ ಪದ್ಧತಿ ಅವರದಾಗಿರಲಿಲ್ಲ.

ಗುಡ್ಡವೂ ಹಿಂದಿನ ಗುಡ್ಡವಾಗಿ ಉಳಿದಿಲ್ಲ. ಒಂದು ಕಾಲಕ್ಕೆ ಮಾಡು ಹೊದೆಸಲು ಮುಳಿಹುಲ್ಲನ್ನು ಬುಡದವರೆಗೂ ಸವರಿ ತರುತ್ತಿದ್ದರು. ಹಟ್ಟಿಯ ತುಂಬ ದನಗಳಿದ್ದಾಗ ಮಾಗಿಯಲ್ಲಿ ಹೆಂಗಸರು ಗುಡ್ಡದ ತರಗೆಲೆಯನ್ನು ಅಂಗಳ ಗುಡಿಸಿದಷ್ಟು ಚೊಕ್ಕಟವಾಗಿ ಗುಡಿಸಿ ಹೆಡಿಗೆ ಹೆಡಿಗೆಯಾಗಿ ಹೊತ್ತು ತರುತ್ತಿದ್ದರು. ಬಿದ್ದ ಕಡ್ಡಿಯೊಂದೂ ಒಲೆಗೆ ಸೇರದೆ ಉಳಿಯುತ್ತಿರಲಿಲ್ಲ. ಇಂದು ಹೆಂಚು, ಶೀಟು, ತಾರಸಿಗಳು ಬಂದು ಮುಳಿಹುಲ್ಲನ್ನು ಕೇಳುವವರಿಲ್ಲವಾಯಿತು. ದನಗಳು ಕಡಮೆಯಾಗಿ ತರಗೆಲೆ ಬಿದ್ದಲ್ಲಿಯೇ ಪದರ ಪದರವಾಗಿ ಕೂಡುತ್ತಿದೆ. ಗ್ಯಾಸು ಬಂದು ಕಟ್ಟಿಗೆಯೂ ಗುಡ್ಡದಲ್ಲಿಯೇ ಉಳಿಯಿತು. ಇದರ ಮೇಲೆ, ಪುಷ್ಯ ಮಾಘಗಳಲ್ಲಿ ಎಲೆಯುದುರಿಸಿ ನಿಲ್ಲುವ ರಬ್ಬರು ತೋಟಗಳು ಮೈಲುಗಟ್ಟಲೆ ಹಬ್ಬಿವೆ. ಅವುಗಳಲ್ಲಿ ನೆಲದ ಮೇಲೆ ಹರಿದ ಬೆಂಕಿ ಮರವನ್ನು ಕೊಲ್ಲದಿದ್ದರೂ, ಹಾಲು ಕೊಡುವ ತೊಗಟೆಯನ್ನು ಬೇಯಿಸಿಬಿಟ್ಟರೆ ಹಲವು ವರ್ಷಗಳ ಆದಾಯ ಹೋದಂತೆಯೇ. ಹೀಗೆ ಅಜ್ಜಂದಿರ ಗುಡ್ಡದಲ್ಲಿ ನಿಲ್ಲಬಹುದಾಗಿದ್ದ ಬೆಂಕಿ ನಮ್ಮ ಗುಡ್ಡದಲ್ಲಿ ನಿಲ್ಲದು.

ಉರಿದುಹೋದ ಹಾಸಿನ ಬೆಲೆಯನ್ನು ನಾವು ನೀರಿನಲ್ಲಿ ತೆರುತ್ತೇವೆ. ಎಲೆಯ ಹೊದಿಕೆಯುಳ್ಳ ಗುಡ್ಡ ಮಳೆಯ ನೀರನ್ನು ತಡೆದು ಒಳಗಿಳಿಸಿ, ಕುಮಾರಧಾರೆಗೆ ಸೇರುವ ನಮ್ಮ ಸಣ್ಣ ಹಳ್ಳಗಳನ್ನು ಚೈತ್ರದವರೆಗೂ ಜೀವದಿಂದಿರಿಸುತ್ತದೆ. ಬೋಳು ಗುಡ್ಡದ ಮೇಲೆ ಬಿದ್ದ ಮೊದಲ ಮಳೆ ಬೂದಿಯನ್ನೂ ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಒಂದೇ ಓಟಕ್ಕೆ ಹೊಳೆಗಿಳಿಯುತ್ತದೆ. ಅಡಿಕೆ ತೋಟಕ್ಕೆ ನೀರು ಸಾಲದೆಂದು ಕೊಳವೆಬಾವಿಗೆ ಹಣ ಸುರಿಯುವ ನಾವು, ತೋಟದ ತಲೆಯ ಮೇಲಿನ ಗುಡ್ಡ ಉರಿಯುವಾಗ ಉದಾಸೀನರಾಗಿರುವುದು ಯಾವ ಲೆಕ್ಕಕ್ಕೂ ಹೊಂದದು. ಮತ್ತೆ, ಬೆಂಕಿ ಬೀಳುವ ಬೇಸಗೆಯ ತಿಂಗಳುಗಳಲ್ಲಿಯೇ ನೆಲದ ಮೇಲೆ ಮೊಟ್ಟೆಯಿಟ್ಟು ಕೂರುವ ಕಾಡುಕೋಳಿಗಳಿವೆ, ಓಡಲಾರದ ಆಮೆಗಳೂ ಚಿಪ್ಪುಹಂದಿಗಳೂ ಇವೆ.

ನಮ್ಮ ನೆರೆಯ ಕಿದುವನ್ನೂ ಇಲ್ಲಿ ನೆನೆಯಬೇಕು. ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ 1972ರಲ್ಲಿ ಅಲ್ಲಿ ತೆರೆದ ಕೇಂದ್ರದಲ್ಲಿ, ದಕ್ಷಿಣ ಏಷ್ಯಕ್ಕೆಲ್ಲ ಸೇರಿದ ಅಂತರರಾಷ್ಟ್ರೀಯ ತೆಂಗಿನ ತಳಿಸಂಗ್ರಹವಿರುವುದು ತಮಗೆ ತಿಳಿದೇ ಇದೆ. ಭತ್ತದ ಬೀಜವನ್ನು ಒಣಗಿಸಿ ಶೀತಲಗೃಹದಲ್ಲಿ ದಶಕಗಳ ಕಾಲ ಕಾಪಿಡಬಹುದು, ತೆಂಗಿನಕಾಯಿಯನ್ನು ಹಾಗಿಡಲಾಗದು. ಆದಕಾರಣ ಒಂದೊಂದು ತಳಿಯೂ ನೆಲದಲ್ಲಿ ಬೇರೂರಿ ನಿಂತ ಮರವಾಗಿಯೇ ಉಳಿಯಬೇಕು. ಕಾಡಿನ ನಡುವೆ ನಿಂತಿರುವ ಆ ಮರಗಳ ರಕ್ಷಣೆ ಅಲ್ಲಿನ ಸಿಬ್ಬಂದಿಯ ಕೆಲಸವಷ್ಟೇ ಎಂದು ನನಗೆ ಎಂದೂ ಅನ್ನಿಸಿಲ್ಲ. ಸುತ್ತಣ ಗ್ರಾಮಗಳ ಎಚ್ಚರವೇ ಅವುಗಳ ಮೊದಲ ಬೇಲಿ.

ಸರ್ಕಾರವಿಲ್ಲವೇ, ಉಪಗ್ರಹಗಳಿಲ್ಲವೇ, ಎನ್ನುವಿರಾದರೆ, ಇವೆ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ಉಪಗ್ರಹಗಳ ನೆರವಿನಿಂದ ಬೆಂಕಿಯ ಸೂಚನೆಗಳನ್ನು ಇಲಾಖೆಗಳಿಗೆ ಕಳುಹುತ್ತದೆ, ಅದು ದೊಡ್ಡ ಉಪಕಾರವೇ. ಆದರೆ ಆ ಕೆಲಸಕ್ಕೆ ಬಳಸುವ ಉತ್ತಮ ಉಪಕರಣಕ್ಕೂ ನೆಲವು ಸುಮಾರು 375 ಮೀಟರ್ ಅಗಲದ ಚೌಕಗಳಾಗಿ ಕಾಣುತ್ತದೆ, ಮತ್ತು ಅದನ್ನು ಹೊತ್ತ ಉಪಗ್ರಹವು ದಿನದಲ್ಲಿ ಗೊತ್ತಾದ ಕೆಲವೇ ಹೊತ್ತುಗಳಲ್ಲಿ ನಮ್ಮ ಮೇಲೆ ಹಾದುಹೋಗುತ್ತದೆ. ಹೆಡಿಗೆಯಗಲದ ಬೆಂಕಿ ಅದರ ಕಣ್ಣಿಗೆ ಬೀಳುವುದಿಲ್ಲ. ಬೀಳುವ ಹೊತ್ತಿಗೆ ಅದು ಹೆಡಿಗೆಯಗಲವಾಗಿ ಉಳಿದಿರುವುದಿಲ್ಲ. ಅಗ್ನಿಶಾಮಕ ದಳದ ವಾಹನವು ಪುತ್ತೂರಿನಿಂದಲೋ ಸುಳ್ಯದಿಂದಲೋ ಹೊರಟರೆ, ಅಂಕುಡೊಂಕಿನ ರಸ್ತೆಗಳನ್ನು ಬಳಸಿ, ತೋಟದ ಮಣ್ಣುದಾರಿಯ ಬಾಯಿಗೆ ಬಂದು ನಿಂತು, ಅಲ್ಲಿಂದಾಚೆಗೆ ಬರಲಾರದೆ ಹೋದುದನ್ನು ನಾವು ನೋಡಿದ್ದೇವೆ. ಅವರ ಶ್ರಮದಲ್ಲಿ ಕೊರತೆಯಿಲ್ಲ, ದೂರವೇ ಹಾಗಿದೆ. ಸಕಲೇಶಪುರದವರೆಗೆ ಸುಮಾರು 55 ಕಿಲೋಮೀಟರು ಉದ್ದಕ್ಕೆ 57 ಸುರಂಗಗಳನ್ನು ಹೊಕ್ಕು ಹೊರಡುವ ನಮ್ಮ ರೈಲುದಾರಿಯ ಇಕ್ಕೆಲದ ಇಳಿಜಾರುಗಳಿಗಂತೂ ವಾಹನದ ಮಾತೇ ಇಲ್ಲ. ಆ ದಾರಿಯ ಎಡಕುಮೇರಿಯ ಕಡೆ ಹೊಗೆಯೆದ್ದರೆ ಅದನ್ನು ಮೊದಲು ಕಾಣುವವರು ಹಳಿ ಕಾಯುವ ಗ್ಯಾಂಗಿನ ಜನ, ಇಲ್ಲವೇ ಸೌದೆಗೆ ಹೋದ ನಮ್ಮವರು.

ಬೆಂಕಿ ಬೆಳೆದ ಮೇಲೆ ಅದನ್ನು ಎದುರಿಸಹೋಗುವವರ ಪ್ರಾಣದ ಪ್ರಶ್ನೆಯೂ ಇದೆ. ಘಟ್ಟದ ಆಚೆ, ಸಕಲೇಶಪುರ ತಾಲ್ಲೂಕಿನ ಕಾಡುಮನೆಯ ಪರಿಸರದಲ್ಲಿ 2023ರ ಫೆಬ್ರವರಿಯಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟಗಾಯಗಳಿಂದ ತೀರಿಕೊಂಡರು. ಆ ಗುಡ್ಡಗಳು ನಮ್ಮವೇ, ನಡುವೆ ಕಾಡೊಂದೇ ಅಡ್ಡವಿರುವುದು. ಮೊದಲ ಗಳಿಗೆಯಲ್ಲಿ ನಮ್ಮಲ್ಲೊಬ್ಬರು ಮಾಡದೆ ಬಿಟ್ಟ ಕೆಲಸವನ್ನು ಕಡೆಯ ಗಳಿಗೆಯಲ್ಲಿ ಅಂಥ ತರುಣರ ಮೇಲೆ ಹೊರಿಸುವ ಅಧಿಕಾರ ನಮಗಿಲ್ಲ.

ಇನ್ನು ನಾನು ತಮ್ಮಿಂದ ಬೇಡುವುದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಮಕರ ಸಂಕ್ರಾಂತಿಯ ಒಳಗೆ ತಮ್ಮ ತಮ್ಮ ಗುಡ್ಡ, ರಬ್ಬರು ತೋಟ, ಗೇರು ತೋಟಗಳ ಅಂಚಿನಲ್ಲಿ, ವಿಶೇಷವಾಗಿ ರಸ್ತೆಯ ಮತ್ತು ರೈಲುಹಳಿಯ ಕಡೆಗೆ, ಎರಡಾಳು ಅಗಲಕ್ಕೆ ಹುಲ್ಲು ಸವರಿ ಎಲೆ ಗುಡಿಸಿ ಬೆಂಕಿ ರೇಖೆಯನ್ನು ಮಾಡಿಸಿರಿ. ಗುಡಿಸಿದ ಎಲೆಯನ್ನು ಸುಡದೆ ಅಡಿಕೆಯ ಬುಡಕ್ಕೆ ಹಾಕಿದರೆ ಆ ಕೂಲಿ ಗೊಬ್ಬರದಲ್ಲಿ ಹಿಂದಕ್ಕೆ ಬರುತ್ತದೆ. ಸುಡಲೇಬೇಕಾದುದಿದ್ದರೆ ಮೇಲಿನ ಕೆಳಗಿನ ಮನೆಗಳಿಗೆ ಮೊದಲು ತಿಳಿಸಿ, ಗಾಳಿಯಿಲ್ಲದ ಹೊತ್ತಿನಲ್ಲಿ ಹಚ್ಚಿ, ಆರುವತನಕ ಜಾಗ ಬಿಡದಿರಿ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವ ಪಂಪು ಬೇಸಗೆಯಲ್ಲಿ ಪ್ರತಿ ಮನೆಯ ಮೂಲೆಯಲ್ಲೂ ಸುಮ್ಮನೆ ಬಿದ್ದಿರುತ್ತದೆ. ಅದನ್ನು ತೊಳೆದು, ವಾಷರು ಬದಲಿಸಿ, ಪೈಪು ಸುತ್ತಿ, ಒಂದು ಡ್ರಮ್ಮು ನೀರಿನೊಡನೆ ಪಿಕಪ್ಪಿಗೆ ಏರಿಸಲು ಸಿದ್ಧವಾಗಿಟ್ಟರೆ, ನಮ್ಮ ಬೈಲಿನ ಮಟ್ಟಿಗೆ ಅದಕ್ಕಿಂತ ಬೇಗ ಬರುವ ಅಗ್ನಿಶಾಮಕ ವಾಹನ ಇನ್ನೊಂದಿಲ್ಲ. ಕಟ್ಟದಲ್ಲಿ ನಿಂತ ನೀರಿನ ಹತ್ತಿರಕ್ಕೆ ವಾಹನ ಹೋಗುವ ದಾರಿಯನ್ನು ಈಗಲೇ ನೋಡಿಟ್ಟುಕೊಳ್ಳಿರಿ. ಹೊಗೆಮನೆಯುಳ್ಳವರು ಒಲೆಯ ಬಾಯಿಯ ಮೇಲಿನ ತಂತಿಬಲೆಯನ್ನು ಪರೀಕ್ಷಿಸಿ, ರಾತ್ರಿ ಹೆಚ್ಚು ಕಟ್ಟಿಗೆ ತುಂಬಿ ಮಲಗುವ ಅಭ್ಯಾಸವನ್ನು ಬಿಡಬೇಕು. ತಂತಿಗೆ ತಾಗುವ ಮಡಲು ಕಂಡರೆ ತಾವೇ ಕೈಹಾಕದೆ ಲೈನ್‌ಮನ್ನರಿಗೆ ಹೇಳಿ, ಕಡಿಯುವವರೆಗೂ ಮತ್ತೆ ಮತ್ತೆ ಹೇಳಿರಿ.

ಹೊಗೆ ಕಂಡೊಡನೆ ನಂದಿಸಹೋಗುವುದು ಎಷ್ಟು ಮುಖ್ಯವೋ ಹೋಗುವ ಮುನ್ನ ಇನ್ನೊಬ್ಬರಿಗೆ ತಿಳಿಸಿ ಹೋಗುವುದೂ ಅಷ್ಟೇ ಮುಖ್ಯ. 112ಕ್ಕೋ 101ಕ್ಕೋ ಕರೆಮಾಡಿರಿ. ಕಾಡಿನ ಅಂಚಾಗಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926 ಇದೆ. ಬೆಂಕಿ ಸೊಂಟದೆತ್ತರ ಮೀರಿದ್ದರೆ, ಅಥವಾ ತಾವು ಅದರ ಮೇಲ್ಭಾಗದಲ್ಲಿದ್ದರೆ, ದಯವಿಟ್ಟು ಹಿಂದೆ ಸರಿಯಿರಿ. ಎದುರು ಬೆಂಕಿ ಕೊಡುವ ಸಾಹಸ ಅನುಭವಿಗಳಿಗೇ ಇರಲಿ. ನಂದಿದ ಮರುದಿನ ಒಮ್ಮೆ ಹೋಗಿ ಕುತ್ತಿಗಳ, ಬಿದ್ದ ಮರಗಳ ಕಾವನ್ನು ಕೈಯೊಡ್ಡಿ ನೋಡಿ ಬರಬೇಕು. ಬೇಕೆಂದೇ ಬೆಂಕಿ ಹಾಕುವವರು ಯಾರಾದರೂ ಇದ್ದರೆ, ಮೀಸಲು ಅರಣ್ಯಕ್ಕೆ ಬೆಂಕಿಯಿಡುವುದು 1963ರ ಕರ್ನಾಟಕ ಅರಣ್ಯ ಅಧಿನಿಯಮದ ಪ್ರಕಾರ ಅಪರಾಧವೆಂಬುದನ್ನು ಊರ ಹಿರಿಯರೇ ಅವರಿಗೆ ಕೂರಿಸಿ ಹೇಳುವುದು ಒಳ್ಳೆಯದು. ಬೈಕು ನಿಲ್ಲಿಸಿ ಚಿತ್ರ ತೆಗೆಯುವ ತರುಣ ಮಿತ್ರರಲ್ಲಿ ನನಗೆ ಕೋಪವಿಲ್ಲ. ಆ ಚಿತ್ರವನ್ನು ಜಾಗದ ಹೆಸರಿನೊಡನೆ ಬೈಲಿನ ವಾಟ್ಸಾಪ್ ಗುಂಪಿಗೆ ಆ ಕ್ಷಣವೇ ಕಳುಹಿಸಿ, ಫೋನನ್ನು ಕಿಸೆಗಿಟ್ಟು, ಒಂದು ಗೆಲ್ಲು ಮುರಿದುಕೊಳ್ಳಿ ಎಂದಷ್ಟೇ ಕೇಳುತ್ತೇನೆ.

ಮಕರ ಮಾಸದ ಕೊನೆಯಲ್ಲಿ ಕೆಡ್ಡಸ ಬರುತ್ತದೆ. ಭೂಮಿದೇವಿ ಋತುಮತಿಯಾಗಿರುವಳೆಂದು ಭಾವಿಸಿ, ಆ ಮೂರು ದಿನ ನಾವು ನೆಲಕ್ಕೆ ಗುದ್ದಲಿ ತಾಗಿಸುವುದಿಲ್ಲ, ನೇಗಿಲೂರುವುದಿಲ್ಲ. ಗುಡ್ಡಗಳು ಒಣಗಿ ನಿಲ್ಲುವ ಕಾಲವೂ ಅದೇ. ಈ ಬಾರಿ ಕೆಡ್ಡಸದಿಂದ ಮೊದಲ್ಗೊಂಡು ಮೊದಲ ಒಳ್ಳೆಯ ಮಳೆ ಬೀಳುವತನಕ, ನಮ್ಮ ನಾಲ್ಕು ಗ್ರಾಮಗಳಲ್ಲಿ ಯಾರೂ ಬಯಲಿನಲ್ಲಿ ಬೆಂಕಿ ಹಚ್ಚುವುದಿಲ್ಲವೆಂಬ ಒಂದು ಕಟ್ಟಳೆಯನ್ನು ನಾವೇ ಮಾಡಿಕೊಳ್ಳಬಹುದೆಂದು ನನ್ನ ನಂಬಿಕೆ. ಇದಕ್ಕಾಗಿ ಸಂಕ್ರಾಂತಿಗೆ ಮುಂಚಿನ ಭಾನುವಾರ, ಬೆಳಗಿನ ಕೆಲಸ ಮುಗಿಸಿ, ಪ್ರತಿ ಮನೆಯಿಂದ ಒಬ್ಬರಾದರೂ ನೆಟ್ಟಣದಲ್ಲಿ ಒಂದೆಡೆ ಸೇರಬೇಕೆಂದು ಪ್ರಾರ್ಥಿಸುತ್ತೇನೆ. ಯಾರ ಮನೆಯಲ್ಲಿ ಪಂಪು ಇದೆ, ಯಾರಲ್ಲಿ ಪಿಕಪ್ಪು ಇದೆ, ಯಾವ ಬೈಲಿಗೆ ಯಾರು ಮೊದಲು ಓಡಬೇಕು, ಎಂಬುದನ್ನು ಅಂದು ಬರೆದಿಟ್ಟುಕೊಳ್ಳೋಣ. ನನ್ನ ಪಂಪೂ ಡ್ರಮ್ಮೂ ಆ ಪಟ್ಟಿಯಲ್ಲಿ ಮೊದಲು ಬರಲಿ.

ಇತಿ ತಮ್ಮ ವಿಧೇಯ,
ನೆಟ್ಟಣದ ಒಬ್ಬ ಕೃಷಿಕ